ಕರಿ ಕೋಟಿನ ಪುಟ್ಟಮಲ್ಲಮ್ಮ

ಪುಟ್ಟಮಲ್ಲಮ್ಮನಿಗೆ ಕರುಣೆಯೆಂಬುದು ಇರಲಿಲ್ಲ. ಇದು ಅವಳ ಹಗೆಗಳ ಮಾತಲ್ಲ. ಅವಳ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಬೆಳೆದು, ಅವಳ ಹೊಲದಲ್ಲಿ ತಲೆ ನರೆಸಿಕೊಂಡ ಚಿಕ್ಕಮಾದಯ್ಯನ ತೀರ್ಮಾನ. ಅವನಷ್ಟು ದೀರ್ಘಕಾಲ ಅವಳನ್ನು ಕಂಡವರು ಊರಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಗುಂಡ್ಲುಪೇಟೆಯಿಂದ ಮದ್ದೂರಿನ ಕಾಡಿನ ಕಡೆಗೆ ಹೊರಟರೆ ಸಿಗುವ ಕೊನೆಯ ಊರು ಅದು. ಗಂಡ ಶಾಂತಮಲ್ಲಪ್ಪ ಕೋರ್ಟಿಗೆ ಹೋಗಲೆಂದು ಮೈಸೂರಿನಲ್ಲಿ ಹೊಲಿಸಿದ್ದ ಕರಿ ಕೋಟನ್ನು ಚಳಿಗಾಲದಲ್ಲಿ ಸೀರೆಯ ಮೇಲೆ ತೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಗುದ್ದುತ್ತ ಅವಳು ಬಂದರೆ, ಕೊಟ್ಟಿಗೆಯ ದನಗಳೂ ಮೆಲುಕು ನಿಲ್ಲಿಸುತ್ತವೆಂದು ಆಳುಗಳು ನಗುತ್ತಿದ್ದರು. ಅವಳು ಅತ್ತ ಹೋದ ಮೇಲೆ. ಯಾವ ಮಾತಿಗೂ ಅವಳದು ಒಂದೇ ಮುಕ್ತಾಯ: ‘ಮುಗೀತು.’ ಗಂಡನ ಮೂಗಿನ ಬಳಿ ಬೆರಳಿಟ್ಟು ನೋಡಿ, ‘ಮುಗೀತು, ನೀರ್ ಕಾಯ್ಸಿ’ ಎಂದವಳು. ಬತ್ತಿದ ಹಸುವನ್ನು ಮುಂದಿನ ಸಂತೆಗೇ ಅಟ್ಟಿದವಳು. ಒಮ್ಮೆ ಗುಡಿಸಲ ಸೂರಿನಲ್ಲಿ ಜಿಂಕೆಯ ಚರ್ಮದ ತುಂಡು ಸಿಕ್ಕಿತೆಂದು ಫಾರೆಸ್ಟ್ ಗಾರ್ಡು ಮಾದಯ್ಯನನ್ನು ಹಿಡಿದೊಯ್ದಿದ್ದ. ಅವನು ಜೈಲಿನಲ್ಲಿದ್ದಾಗ ಅವನ ಹಿರಿಮಗು ಜ್ವರದಲ್ಲಿ ತೀರಿಕೊಂಡಿತು. ಅವನು ಬಿಡುಗಡೆಯಾಗಿ ಬಂದ ಸಂಜೆ ಪುಟ್ಟಮಲ್ಲಮ್ಮ ಹೇಳಿಕಳಿಸಿದ್ದು, ಬೆಳಿಗ್ಗೆ ನೇಗಿಲು ಕಟ್ಟಬೇಕೆಂದು. ಅವನು ಕಟ್ಟಿದ್ದ.

ವಿಶಾಲ ಮೈಸೂರು ರಾಜ್ಯವಾದ ಮರುವರ್ಷ, ಮಾಗಿಯ ಒಂದು ಬೆಳಿಗ್ಗೆ, ಅವಳ ಹಿತ್ತಿಲಿನ ಕಳ್ಳಿಬೇಲಿಯನ್ನು ಹಾರಿ ಒಂದು ಹೆಣ್ಣು ಜಿಂಕೆ ಬಂದು ಬಿತ್ತು. ಸೀಳುನಾಯಿಗಳು ಅದರ ಹೊಟ್ಟೆಯನ್ನು ಬಗೆದಿದ್ದವು. ಜನ ಕೂಗಿದ್ದಕ್ಕೆ ನಾಯಿಗಳು ಹಿಂದೆ ಸರಿದವು. ಜಿಂಕೆಗೆ ಮಾತ್ರ ಏಳಲೂ ಆಗಲಿಲ್ಲ, ಸಾಯಲೂ ಆಗಲಿಲ್ಲ. ಅದು ಕೂಗುತ್ತಿತ್ತು. ಬೀದಿಯ ಜನ, ಲಿಂಗ ಕಟ್ಟಿದವರು, ಇರುವೆಯನ್ನೂ ದಾಟಿ ನಡೆಯುವವರು, ಸುತ್ತ ನಿಂತು ‘ಶಿವ ಶಿವ’ ಎಂದರು. ಬಿಸಿಲೇರಿತು; ಕೂಗು ನಿಲ್ಲಲಿಲ್ಲ.

‘ಲೋ ಮಾದಯ್ಯ, ಹೊಡ್ದು ಮುಗ್ಸು ಅದ್ನ’ ಎಂದಳು ಪುಟ್ಟಮಲ್ಲಮ್ಮ.

‘ಆಗದಿಲ್ಲ ಕಣವ್ವಾ’ ಎಂದ ಮಾದಯ್ಯ. ಆ ಮನೆಯಲ್ಲಿ ಅವನು ಆ ಮಾತನ್ನು ಹಿಂದೆಂದೂ ಆಡಿರಲಿಲ್ಲ. ‘ಗಾರ್ಡು ಇನ್ನೊಂದ್ಸಲ ಒಳಕ್ಕಾಕುದ್ರ, ಇರೋ ಒಂದ್ ಕೂಸೂ ಉಳಿಯದಿಲ್ಲ.’

ಪಕ್ಕದ ಮನೆಯ ಶಿವಣ್ಣ ನಕ್ಕ. ‘ಏನ್ಲಾ, ಕಾಡ್ನಲ್ಲಿ ಇಲ್ದಿದ್ ನೇಮ ಊರೊಳಗ ಬಂದ್ಬುಡ್ತಾ ನಿಂಗ?’

ಇದಕ್ಕಿಂತ ಸಣ್ಣ ತಪ್ಪಿಗೆ ಆಳುಗಳನ್ನು ಓಡಿಸಿದ್ದವಳು ಅವಳು. ಮಾದಯ್ಯ ತಲೆ ತಗ್ಗಿಸಿ ಕಾದ. ಪುಟ್ಟಮಲ್ಲಮ್ಮ ಒಳಗೆ ಹೋಗಿ, ತುದಿಗೆ ಕಬ್ಬಿಣದ ಬಳೆಯಿದ್ದ ಒನಕೆಯನ್ನು ತಂದಳು. ಎದೆಯ ಮೇಲಿನ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಕೋಟಿನೊಳಕ್ಕೆ ಸೇರಿಸಿ, ಗುಂಡಿ ಹಾಕಿಕೊಂಡಳು. ಜನ ಮುಖ ತಿರುಗಿಸಿದರು. ಮಾದಯ್ಯ ಒಬ್ಬನೇ ಜಿಂಕೆಯ ಮೇಲಿನ ಕಣ್ಣು ಕೀಳಲಿಲ್ಲ. ಮೊದಲ ಏಟಿಗೆ ಕೂಗು ನಿಂತಿತು, ಆದರೆ ಕಾಲುಗಳು ನೆಲವನ್ನು ಕೆರೆಯುತ್ತಲೇ ಇದ್ದವು; ಎರಡನೆಯದು ಭುಜಕ್ಕೆ ಬಿದ್ದು ಜಾರಿತು; ಆಮೇಲಿನದಕ್ಕೆ ಎಲ್ಲವೂ ನಿಂತಿತು.

ಬಸವಮ್ಮ ಎಂಬ ಮುದುಕಿ ‘ಇನ್ ನಿನ್ ಮನೇಲಿ ನೀರ್ ಮುಟ್ಟಲ್ಲ ಕಣವ್ವಾ’ ಎಂದು ಹೊರಟಳು. ಉಳಿದವರೂ ಹೊರಟರು.

ಮಧ್ಯಾಹ್ನ ಗಾರ್ಡು ಮರಿಯಪ್ಪ ಬಂದ. ಬಂದವನೇ ಯಾರನ್ನೂ ಏನನ್ನೂ ಕೇಳದೆ ಮಾದಯ್ಯನ ರಟ್ಟೆ ಹಿಡಿದ.

‘ಹೊಡೆದದ್ದು ನಾನು’ ಎಂದಳು ಪುಟ್ಟಮಲ್ಲಮ್ಮ.

‘ಸುಮ್ನಿರಿ ಅಮ್ಮಾರೇ. ಲಿಂಗ ಕಟ್ಕಂಡೋರು ಜೀವ ತೆಗೀತಾರಾ?’

‘ಶಿವಣ್ಣ ನೋಡವ್ನೆ. ಕೇಳು.’

ಶಿವಣ್ಣ ಬೇಲಿಯಾಚೆ ನಿಂತಿದ್ದ. ಬೀದಿಯ ಮಾನ ಒಂದು ಕಡೆ, ಮಾದಯ್ಯನ ರಟ್ಟೆ ಒಂದು ಕಡೆ. ಅವನಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ‘ನಾ ಕಾಣೆ ಕಣಪ್ಪ. ನಾನ್ ಬರೋ ಹೊತ್ಗ ಸತ್ತಿತ್ತು’ ಎಂದ.

ಗಾರ್ಡು ಮಾದಯ್ಯನನ್ನು ಬಾಗಿಲ ಕಡೆ ಎಳೆದ. ಆಗ ಪುಟ್ಟಮಲ್ಲಮ್ಮ, ರಕ್ತವೂ ಕೂದಲೂ ಅಂಟಿದ್ದ ಒನಕೆಯನ್ನು ಹೆಗಲಿಗೆ ಹಾಕಿಕೊಂಡು, ಇಬ್ಬರನ್ನೂ ದಾಟಿ ಬೀದಿಗಿಳಿದಳು.

‘ಎಲ್ಗ್ ಹೊಂಟ್ರಿ ಅಮ್ಮಾರೇ?’

‘ಗುಂಡ್ಲುಪೇಟೆಗೆ. ನಡೀರಿ. ನಿಮ್ ಸಾಹೇಬನ್ ಮೇಜಿನ್ ಮೇಲ್ ಇಡ್ತೀನಿ ಇದ್ನ. ಯಾರ್ ಕೈ ಅಂತ ಅವನ್ಗೇ ಹೇಳ್ತೀನಿ.’

ಅವಳು ಹಿಮ್ಮಡಿ ಗುದ್ದುತ್ತ ನಡೆದೇ ಬಿಟ್ಟಳು. ಮನೆಮನೆಯ ಬಾಗಿಲು ತೆರೆದವು. ಗಾರ್ಡಿಗೆ ಕೇಸು ಬೇಕಿತ್ತು, ಆದರೆ ಇಂಥ ಮನೆಯ ಹೆಸರು ಬೇಕಿರಲಿಲ್ಲ. ಅವನ ಕೈ ಸಡಿಲವಾಯಿತು. ಸರ್ಕಾರದ ಸ್ವತ್ತೆಂದು ಜಿಂಕೆಯನ್ನು ಗಾಡಿಗೆ ಹಾಕಿಸಿಕೊಂಡು, ಯಾರ ಮೇಲೂ ಏನನ್ನೂ ಬರೆಯದೆ, ಅವನು ಹೋದ.

ಕರುಣಾಳುಗಳೆಂದು ಹೆಸರಾದವರು ಸಾಯುವ ಜೀವದ ಸುತ್ತ ನಿಂತು ದೇವರನ್ನು ನೆನೆಯುತ್ತಾರೆ. ಕೆಲಸ ಮಾತ್ರ ಪುಟ್ಟಮಲ್ಲಮ್ಮನಂಥವರ ಪಾಲಿಗೆ ಬರುತ್ತದೆ, ಕೆಟ್ಟ ಹೆಸರೂ ಅದರ ಜೊತೆಗೆ ಬರುತ್ತದೆ. ಆ ಹೆಸರನ್ನು ಕಳೆದುಕೊಳ್ಳಲು ಅವರು ಏನನ್ನೂ ಮಾಡುವುದಿಲ್ಲ. ಅವಳೂ ಮಾಡಲಿಲ್ಲ. ಸಂಜೆ ಮಾದಯ್ಯ ಕೂಲಿಯ ರಾಗಿಗೆ ಹಿತ್ತಿಲ ಬಾಗಿಲಲ್ಲಿ ನಿಂತಾಗ, ‘ಹೇಳಿದ್ ಕೆಲ್ಸ ಆಗದಿಲ್ಲ ಅಂದೆ. ಇವತ್ತಿನ್ ರಾಗಿ ಇಲ್ಲ. ಮುಗೀತು’ ಎಂದಳು.

ಅವನಿಗೆ ಆಶ್ಚರ್ಯವಾಗಲಿಲ್ಲ. ಕಂಬಳಿ ಕೊಡವಿ ಹೊರಟ.

‘ಲೋ ಮಾದಯ್ಯ.’

ತಿರುಗಿದ. ಅವಳು ಅವನನ್ನು ನೋಡುತ್ತಿರಲಿಲ್ಲ.

‘ನಾನ್ ಕಣ್ ಮುಚ್ಕಂಬುಟ್ಟಿದ್ದೆ. ಮೊದ್ಲೇಟ್ಗೇ ಹೋಯ್ತಾ ಅದು?’

ಮಾದಯ್ಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ‘ಮೊದ್ಲೇಟ್ಗೇ ಕಣವ್ವಾ’ ಎಂದ.

‘ಸುಳ್ ಹೇಳ್ಬ್ಯಾಡ.’

‘ಮೊದ್ಲೇಟ್ಗೇ.’

ಪುಟ್ಟಮಲ್ಲಮ್ಮ ಬಾಗಿಲ ಚೌಕಟ್ಟನ್ನು ಹಿಡಿದು, ಮೆಲ್ಲಗೆ, ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು.