ಅಪ್ಪ ಕೊಟ್ಟ ಅಳತೆ

ಮಗಳನ್ನು ಹಾಳುಮಾಡಿದ ಮಾತ್ರೆಯನ್ನೇ ತಾನು ಕೈಯಾರೆ ಅವಳಿಗೆ ಕೊಡಬೇಕು ಎಂದು ಡಾಕ್ಟರು ಹೇಳಿದಾಗ ಗ್ಯಾರೇಜಿನ ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು.

"ಇದ್ಯಾವ ಸೀಮೆ ಚಿಕಿತ್ಸೆ ಡಾಕ್ಟರಮ್ಮ? ಬಿಡಿಸಿ ಅಂತ ಕರ್ಕೊಂಡು ಬಂದ್ರೆ ತಿನ್ಸಿ ಅಂತೀರಲ್ಲ!"

ವ್ಯಸನ ಬಿಡಿಸುವ ವಾರ್ಡಿನ ಡಾಕ್ಟರಿಗೆ ಈ ಪ್ರಶ್ನೆ ಹೊಸದೇನಲ್ಲ. "ಇಳಿಜಾರಲ್ಲಿ ಬರೋ ಲಾರಿಗೆ ಗಕ್ಕಂತ ಬ್ರೇಕ್ ಒತ್ತಿದ್ರೆ ಏನಾಗುತ್ತೆ, ನೀವೇ ಹೇಳಿ."

"ಮಗುಚ್ಕೊಳ್ಳುತ್ತೆ."

"ನಿದ್ದೆ ಮಾತ್ರೆನೂ ಹಾಗೇ. ವರ್ಷಗಟ್ಟಲೆ ನುಂಗಿ ನುಂಗಿ ಒಗ್ಗಿಹೋಗಿರೋ ಮೈ ಇದು. ಒಮ್ಮೆಲೇ ನಿಲ್ಸಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಇಲ್ಲಿ ಅರ್ಧಕ್ಕೆ ಇಳಿಸಿದೀವಿ. ಉಳಿದಿದ್ದನ್ನ ಮನೇಲಿ ನಾವು ಹೇಳ್ದಷ್ಟೇ, ನಿಧಾನಕ್ಕೆ ಇಳಿಸ್ಬೇಕು. ಕೈ ನಡುಗಿದ್ರೆ ತಕ್ಷಣ ಬನ್ನಿ."

ಮೇಸ್ತ್ರಿ ತಲೆಯಾಡಿಸಿದ. ಮಾತು ತಲೆಗೆ ಹೋಯಿತೇ ಹೊರತು ಮನಸ್ಸಿಗೆ ಇಳಿಯಲಿಲ್ಲ.

ಮನೆಯಲ್ಲಿ ಮಾತ್ರೆಯ ಡಬ್ಬಿ ಅವನ ಬೀಗದೊಳಗೆ. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಮಾತ್ರೆ ಪುಡಿಮಾಡಿ, ಚಮಚದಲ್ಲಿ ನೀರು ಬೆರೆಸಿ ತಂದು ಎದುರಿಗೇ ಕುಡಿಸುತ್ತಿದ್ದ. ಮೊದಮೊದಲು ಪೂರ್ತಿಯೇ ಕೊಟ್ಟ. ಆಮೇಲೊಂದು ದಿನ, ಆ ಬಿಳಿ ಪುಡಿ ನೋಡುತ್ತಾ ನಿಂತವನಿಗೆ ತಡೆಯಲಾಗದೆ ಅರ್ಧವನ್ನು ಸಿಂಕಿಗೆ ಊದಿಬಿಟ್ಟ. ಮಗಳಿಗೆ ಗೊತ್ತಾಗಲಿಲ್ಲ. ಅದೇ ಅವನಿಗೆ ಧೈರ್ಯ ಕೊಟ್ಟಿತು. ಬೇಗ ಮುಗಿದಷ್ಟೂ ಮಗಳು ಬೇಗ ಮೊದಲಿನಂತಾಗುತ್ತಾಳೆ ಎಂದುಕೊಂಡ. ಕೊನೆಕೊನೆಗೆ ಚಮಚದಲ್ಲಿ ಬರೀ ನೀರು.

"ಅಪ್ಪಾ, ಏನೋ ಸರಿಯಿಲ್ಲ. ಕೈ ನೋಡು," ಎಂದಳು ಮಗಳು. ಹಿಡಿದ ಲೋಟದ ನೀರು ತುಳುಕುತ್ತಿತ್ತು.

ಮಂಚದ ಮೇಲಿದ್ದ ಅಜ್ಜಿ ಬಿಡುತ್ತಾಳೆಯೇ? "ನಂಬಬೇಡ ಕಣೋ. ಗಟ್ಟಿಮುಟ್ಟಾಗಿರೋ ನನ್ನನ್ನೇ ಎರಡು ಸಲ ಸಾಯಿಸಿ ಆಫೀಸಿಗೆ ರಜ ಹಾಕಿದೋಳು ಇವಳು!"

ಮಗಳಿಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. "ಅವಾಗ ಸುಳ್ಳು ಹೇಳಿದ್ದೆ ಅಜ್ಜಿ. ಈಗ ಹೇಳ್ತಿಲ್ಲ. ಗೋಡೆ ಮೇಲೆ ಹುಳ ಹರಿದಂಗೆ ಕಾಣ್ತಿದೆ. ಅಪ್ಪಾ, ಡಾಕ್ಟರ ಹತ್ರ ಹೋಗೋಣ."

"ಹೋದ್ರೆ ಇನ್ನೆರಡು ಮಾತ್ರೆ ಜಾಸ್ತಿ ಬರೀತಾರೆ ಅಂತ ತಾನೇ? ನಿನ್ನ ನಾಟಕ ನಂಗೊತ್ತಿಲ್ವಾ? ಸುಮ್ನೆ ಬಿದ್ಕೋ," ಎಂದು ಗದರಿದ ಮೇಸ್ತ್ರಿ.

ಮರುದಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಮರ ಕಡಿದಂತೆ ಬಿದ್ದಳು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ.

ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ನಿಂತಿತು. ಡಾಕ್ಟರು ಮಂಚದ ಪಕ್ಕದಿಂದ ಕದಲಲಿಲ್ಲ. "ಮಾತ್ರೆ ಸರಿಯಾಗಿ ಹೋಗ್ತಿತ್ತಾ?"

"ಇವರೇ ಎದುರಿಗೆ ನಿಂತು ಕುಡಿಸ್ತಿದ್ರು," ಎಂದಳು ಮೇಸ್ತ್ರಿಯ ಹೆಂಡತಿ. "ಇವಳೇ ಕದ್ದುಮುಚ್ಚಿ ಇನ್ನೇನೋ ನುಂಗಿರ್ಬೇಕು. ಹಳೇ ಚಾಳಿ."

"ಹಾಗಿದ್ರೆ ಈ ಇಂಜೆಕ್ಷನ್ ಜಾಸ್ತಿ ಕೊಡೋಕೆ ನಂಗೆ ಭಯ," ಎಂದರು ಡಾಕ್ಟರು. " ಎರಡೂ ಸೇರಿದ್ರೆ ಉಸಿರೇ ನಿಂತ್ಹೋಗ್ಬಹುದು. ರಕ್ತದ ರಿಪೋರ್ಟ್ ಬರ್ಲಿ, ನೋಡೋಣ."

ಈಗ ಹೇಳಬೇಕಿತ್ತು. ಮೇಸ್ತ್ರಿ ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ, ಮುಚ್ಚಿದ. ರಿಪೋರ್ಟ್ ಬರುತ್ತದಲ್ಲ, ಅದೇ ಹೇಳಲಿ ಎಂದು ಗೋಡೆಗೊರಗಿದ.

ರಿಪೋರ್ಟಿಗಿಂತ ಮೊದಲು ಎರಡನೇ ಸೆಳೆತ ಬಂತು. ಈ ಸಲ ಮಗಳ ತುಟಿ ನೀಲಿಯಾಯಿತು. ಮಂಚದ ಕಂಬಿ ಕಟಕಟನೆ ಅಲುಗಿತು.

"ನಾನೇ!" ಎಂದು ಚೀರಿದ ಮೇಸ್ತ್ರಿ. "ನಾನೇ ಕೊಟ್ಟಿಲ್ಲ! ಬರೀ ನೀರು ಕುಡ್ಸಿದೆ! ಅವಳೇನೂ ನುಂಗಿಲ್ಲ, ಕೊಡಿ ಡಾಕ್ಟರಮ್ಮ, ಎಷ್ಟು ಬೇಕೋ ಕೊಡಿ!"

ಡಾಕ್ಟರು ಅವನತ್ತ ತಿರುಗಲೂ ಇಲ್ಲ. ನರ್ಸಿಗೆ ಔಷಧದ ಅಳತೆ ಹೇಳಿದರು, ಮಗಳ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಸುಮಾರು ಹೊತ್ತಿನ ಮೇಲೆ ಅವಳ ಎದೆ ಒಂದೇ ಸಮನೆ ಏರಿಳಿಯತೊಡಗಿತು. ಹೆಂಡತಿ ಎದ್ದು ಇನ್ನೊಂದು ಬದಿಗೆ ಹೋಗಿ ಕೂತಳು.

ಮಗಳಿಗೆ ಎಚ್ಚರವಾದಾಗ ಕಚ್ಚಿಕೊಂಡ ನಾಲಿಗೆ ಊದಿ ಮಾತು ತೊದಲುತ್ತಿತ್ತು. ನಡೆದದ್ದನ್ನು ಮೇಸ್ತ್ರಿಯೇ ಹೇಳಬೇಕೆಂದು ಡಾಕ್ಟರು ಪಟ್ಟುಹಿಡಿದರು. ಹೇಳಿದ. "ಒಳ್ಳೇದಾಗ್ಲಿ ಅಂತಾನೇ..." ಎನ್ನುತ್ತಾ ಮಂಚದ ಕಂಬಿ ಹಿಡಿದುಕೊಂಡ. ಅವಳು ಅಪರಿಚಿತರನ್ನು ನೋಡುವಂತೆ ನೋಡಿದಳು.

ಆಗ ನರ್ಸ್ ಮಾತ್ರೆ ತಂದಳು. ಮೊದಲಿನ ಅಳತೆ. ಇಳಿಸುವ ಕೆಲಸ ಮತ್ತೆ ಶುರುವಿನಿಂದ. ಮೇಸ್ತ್ರಿ ರೂಢಿಯಂತೆ ಕೈ ಚಾಚಿದ.

"ಅಪ್ಪನ ಕೈಗೆ ಬೇಡ," ಎಂದಳು ಮಗಳು. "ಮುಗಿಯೋವರ್ಗೂ ಇಲ್ಲೇ ಇರ್ತೀನಿ. ಮನೆಗೆ ಕಳಿಸ್ಬೇಡಿ."

ನರ್ಸ್ ಅವನ ಚಾಚಿದ ಕೈಯನ್ನು ದಾಟಿ ಮಂಚದ ಹತ್ತಿರ ಹೋದಳು.