ತೊಟ್ಟಿಲಲ್ಲಿ ಇಟ್ಟುಹೋದ ಕೂಸು

ಕೊನೆಯ ಸ್ನಾನ ಮಾಡಿಸಿ ಮಲಗಿಸಿದ್ದ ಆಜಿಯ ಒದ್ದೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದ ಸ್ವಪ್ನಾಲಿಯ ಕೈ ಬಾಗಿಲಲ್ಲಿ ಕೇಳಿದ ದನಿಗೆ ತಟ್ಟನೆ ನಿಂತಿತು.

“ರಾಜಮತೀ, ನನಗಿಂತ ಸಣ್ಣಾಕಿ ನೀ. ನನ್ನ ಬಿಟ್ಟ ಮೊದಲ ಹೊಂಟೀ ಏನ?”

ಮ್ಹೈಸಾಳದಿಂದ ಬಂದ ಸುನಂದಾಬಾಯಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ತೀರಿಹೋದ ಅಜ್ಜನ ತಂಗಿ ಅವಳು, ಎಂಬತ್ತರ ಹತ್ತಿರದ ಮುದುಕಿ. ಯಾವ ಹಬ್ಬಕ್ಕೂ ಮದುವೆಗೂ ಈ ಮನೆಯತ್ತ ಸುಳಿದವಳಲ್ಲ.

“ಆತ್ಯಾ, ಇವರು ಶಾಲನಬಾಯಿ, ನಮ್ಮ ಅತ್ತಿ,” ಎಂದಳು ಸ್ವಪ್ನಾಲಿಯ ತಾಯಿ ಮೆಲ್ಲಗೆ.

“ಗೊತ್ತದ ಬಿಡವಾ. ಇನ್ನೂ ಅಷ್ಟ ಅರಳುಮರಳು ಆಗಿಲ್ಲ ನನಗ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿ ಕಣ್ಸನ್ನೆ ಮಾಡಿದ ಮೇಲೆ ಸ್ವಪ್ನಾಲಿ ಮತ್ತೆ ಬಾಚಣಿಗೆ ಎತ್ತಿಕೊಂಡಳು. ಅವಳ ಬೆರಳುಗಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಬೆಳಿಗ್ಗೆ ಬಟಾಣಿ ಸುಲಿಯುತ್ತ ಕುಳಿತ ಆಜಿ ಹಾಗೆಯೇ ಪಕ್ಕಕ್ಕೆ ವಾಲಿದ್ದಳು. ಬಿದ್ದ ಕಾಳು ಹೆಕ್ಕಲು ಬಾಗಿದಳೆಂದುಕೊಂಡ ಸ್ವಪ್ನಾಲಿ, ಫೋನಿನಿಂದ ತಲೆಯೆತ್ತದೆ, “ನಾ ತಗೀತೇನಿ ಬಿಡ ಆಜಿ” ಎಂದಿದ್ದಳು. ಮುದುಕಿ ಏಳಲೇ ಇಲ್ಲ.

* * *

ಹಿಂದಿನ ಮಳೆಗಾಲದಲ್ಲಿ ಮಿರಜಿನಲ್ಲಿ ಆಜಿಯ ಕಣ್ಣಿನ ಪೊರೆ ತೆಗೆಸಿದ್ದರು. ಟಿ.ವಿ. ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಆಜಿಯ ಪಕ್ಕದಲ್ಲಿ ಸ್ವಪ್ನಾಲಿ ಇಂಗ್ಲಿಷಿನ ಒಂದು ದಪ್ಪ ಕಾದಂಬರಿ ಓದುತ್ತಿದ್ದಳು. ವಿಶ್ರಾಮಬಾಗದ ಕಾಲೇಜು ಹುಡುಗಿಯರೆಲ್ಲ ಆಗ ಅದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದರು.

“ಏನ ಓದಾಕತ್ತೀ? ನನಗೂ ಹೇಳ.”

“ನಿನಗ ಸೇರೂದಿಲ್ಲ ಆಜಿ. ಭಾಳ ಡಾರ್ಕ್ ಅದ.”

“ನನ್ನ ಕಣ್ಣಿಗೂ ಡಾರ್ಕ ಅದ. ಹೇಳ.”

ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ, ಇರುವೆ ಕಂಡರೆ ಕಾಲು ಹಿಂದೆಗೆಯುವ ಆಜಿಗೆ ಆ ಕತೆ ಹೇಗೆ ಹೇಳುವುದು? ಸರಿಯಾಗಿ ಬಾರದ ಕನ್ನಡ ಎಡವಿದಲ್ಲೆಲ್ಲ ಮರಾಠಿ ಹಿಡಿದು ಸ್ವಪ್ನಾಲಿ ಹೇಳಿದಳು. ನೆಲದಡಿಯಲ್ಲಿ ಒಂದು ಲೋಕ. ಅಲ್ಲಿಯವರು ನೋಡಲು ಚೆಲುವರು, ಮನಸ್ಸಿನಿಂದ ಕ್ರೂರಿಗಳು.

“ಯಕ್ಷರೇನ?”

“ಹಂಗಽ ಅನ್ಕೋ.”

ಅವರು ಮನುಷ್ಯರ ಕೂಸನ್ನು ಕದಿಯುತ್ತಾರೆ. ತೊಟ್ಟಿಲಲ್ಲಿ ಅದರಂತೆಯೇ ಕಾಣುವ ತಮ್ಮದೊಂದು ಕೂಸನ್ನು ಇಟ್ಟುಹೋಗುತ್ತಾರೆ. ಕಳೆದುಹೋದ ಕೂಸಿನ ಅಕ್ಕ ಅದನ್ನು ತರಲು ಕೆಳಗಿಳಿಯುತ್ತಾಳೆ. ಅಲ್ಲಿ ಹಾಲಿನಲ್ಲಿ ವಿಷ, ತಲೆದಿಂಬಿನ ಕೆಳಗೆ ಚೂರಿ. ಇಷ್ಟು ಸಾಕು ಎಂದು ಆಜಿ ಕೈ ಎತ್ತುತ್ತಾಳೆಂದು ಸ್ವಪ್ನಾಲಿ ಕಾದಳು. ಪ್ರತಿ ಕೊಲೆಯಾದ ಮೇಲೂ ಆಜಿ, “ಮುಂದ?” ಎನ್ನುತ್ತಿದ್ದಳು.

ಕಾಲೇಜಿನ ಹುಡುಗಿಯರೆಲ್ಲ ಮರುಳಾಗಿದ್ದ ಕ್ರೂರ ರಾಜಕುಮಾರನ ಬಗ್ಗೆ ಆಜಿ, “ಅಂವಾ ಕೆಟ್ಟಂವಾ ಅಲ್ಲ, ಸೊಕ್ಕಿನಂವಾ. ನಾಕ ದಿನಾ ದನಾ ಕಾಯಾಕ ಹಚ್ಚಿದ್ರ ನೆಟ್ಟಗ ಆಗ್ತಾನ,” ಅಂದಳು. ಆ ಸಂಜೆಯಿಡೀ ಸ್ವಪ್ನಾಲಿ ಅವಳೊಡನೆ ಮಾತಾಡಲಿಲ್ಲ.

ಕೊನೆಗೆ ಅಕ್ಕ ಕೂಸನ್ನು ಎತ್ತಿಕೊಂಡು ಮನೆಗೆ ಬರುತ್ತಾಳೆ. ತಾಯಿ ತೊಟ್ಟಿಲಲ್ಲಿದ್ದ ಸುಳ್ಳು ಕೂಸನ್ನು ಒಲೆಗೆ ಎಸೆಯುತ್ತಾಳೆ. ಅದು ಹೊಗೆಯಾಗಿ ಹೋಗುತ್ತದೆ. ಹೇಳುತ್ತ ಹೇಳುತ್ತ ಸ್ವಪ್ನಾಲಿಯ ಕಣ್ಣು ತುಂಬಿತ್ತು.

“ಹೆಂಗದ ಆಜಿ?”

“ಅರ್ಧಾ ಅದ.”

“ಅರ್ಧಾ? ಮುಗೀತಲ್ಲ?”

“ಒಲಿಗೆ ಒಗದ್ರಲ್ಲ ಆ ಕೂಸು, ಅದರ ಕತಿ ಎಲ್ಲದ?”

“ಆಜಿ, ಅದು ನಕಲಿ ಕೂಸು.”

“ಅದೇನ ತಾನಽ ನಡಕೋತ ಬಂದ ತೊಟ್ಟಲದಾಗ ಮಲಗಿತ್ತ? ಯಾರೋ ತಂದ ಇಟ್ರು. ಅಷ್ಟ ದಿನಾ ಆ ಮನ್ಯಾಗ ನಕ್ಕೋತ ಇತ್ತ. ಈ ಪುಸ್ತಕಾ ಬರದಾಕಿಗೆ ಕಳಕೊಂಡವರ ದುಃಖ ಅಷ್ಟ ಗೊತ್ತದ.” ಮತ್ತೆ ಕೇಳಿದಳು, “ಅದಕ್ಕ ಹೆಸರರೆ ಇತ್ತೋ ಇಲ್ಲೋ?”

“ಇಲ್ಲ. ಆ ಇನ್ನೊಂದ ಕೂಸಿನ ಹೆಸರಲೇ ಕರೀತಾರ.”

ಆಜಿ ಗೋಡೆಯ ಕಡೆಗೆ ಹೊರಳಿದಳು. ಇಂಥ ಪುಸ್ತಕ ಇವಳಿಗೆ ಹೇಳಿದ್ದೇ ತಪ್ಪು ಎಂದುಕೊಂಡು ಸ್ವಪ್ನಾಲಿ ಎದ್ದುಹೋಗಿದ್ದಳು.

* * *

“ಆತ್ಯಾ, ರಾಜಮತಿ ಅಂದ್ರ ಯಾರ್ರಿ?” ಎಂದಳು ಸ್ವಪ್ನಾಲಿಯ ತಾಯಿ.

ಆಜಿಗೆ ಉಡಿಸಿದ ಸೀರೆಯ ನೆರಿಗೆ ಸರಿಪಡಿಸುತ್ತಿದ್ದ ಸುನಂದಾಬಾಯಿ ತಲೆಯೆತ್ತದೆ ಹೇಳಿದಳು. “ಈಕೀನಽ. ಶಾಲನ ಈಕಿ ಅಕ್ಕ. ಜಯಕುಮಾರನ್ನ ಹಡದ ಬಾಣಂತನದಾಗ ಹೋದಳು. ಕೂಸ ನೋಡ್ಕೊಳ್ಳಾಕ ಅಂತ ನಮ್ಮವ್ವ ಅವರ ತವರಿಗೆ, ಕವಲಾಪುರಕ್ಕ ಹೋಗಿ ಈಕೀನ ಕರಕೊಂಡ ಬಂದ್ಳು. ಹದಿನಾಕ ವರ್ಷದ ಹುಡುಗಿ. ಹೊಳ್ಳಿ ಸಾಲಿಗೆ ಹೋಗಾಕಿ ಅಂತ ಪಾಟೀಚೀಲಾ ಸೈತ ತಂದಿತ್ತ.”

ಸ್ವಪ್ನಾಲಿ ಬಾಚಣಿಗೆ ಕೆಳಗಿಟ್ಟಳು.

“ಅಕ್ಕನ ಸೀರಿ ಉಡಿಸಿ ನಮ್ಮಣ್ಣನ ಸಂಗಾಟ ಲಗ್ನ ಮಾಡಿದ್ರು. ಕೂಸಿಗೆ ಗೊತ್ತಾಗಬಾರದಂತ ಹೆಸರೂ ಅಕ್ಕನದಽ ಇಟ್ರು. ಒಮ್ಮೆ ನಾ ಮರತ ‘ರಾಜಮತೀ’ ಅಂದೆ. ನಮ್ಮಣ್ಣ ಆಕೀನ್ನ ಹೊಡದಾ. ಕರದಾಕಿ ನಾನು, ಹೊಡತಾ ಆಕೀಗೆ. ಯಾಕಂದ್ರ ಆಕಿ ‘ಓ’ ಅಂದಿದ್ಳು.”

ಸ್ವಪ್ನಾಲಿ ಬಾಗಿಲತ್ತ ನೋಡಿದಳು. ‘ತಯಾರಿ ಆತೇನು’ ಎಂದು ಕೇಳಲು ಬಂದ ಅವಳ ತಂದೆ ಜಯಕುಮಾರ ಹೆಗಲ ಮೇಲೆ ಒದ್ದೆ ಪಂಚೆ ಹಾಕಿಕೊಂಡು ಅಲ್ಲೇ ನಿಂತಿದ್ದ.

“ಆತ್ಯಾ, ಯಾರ ಸುದ್ದಿ ಹೇಳಾಕತ್ತೀರಿ?”

ಸುನಂದಾಬಾಯಿಯ ಕೈ ನೆರಿಗೆಯ ಮೇಲೆಯೇ ಉಳಿಯಿತು. ಜಯಕುಮಾರ ತಾಯಿಯ ಮುಖ ನೋಡಿದ. ಬಸ್ಸಿನಲ್ಲಿ ಎದುರಿಗೆ ಕುಳಿತ ಯಾರನ್ನೋ ನೋಡುವಂತೆ ನೋಡಿದ.

“ಐವತ್ತೆರಡು ವರ್ಷ ಆತ ನನಗ,” ಎಂದ. “ಒಬ್ಬರೂ ಹೇಳಲಿಲ್ಲ.”

“ಆಕೀನಽ ಆಣಿ ಹಾಕಿಸಿದ್ಳೋ ಯಪ್ಪಾ. ‘ಹೇಳಿದ್ರ ಅಂವಾ ಗುರುತಽ ಇಲ್ಲದ ಅವ್ವಗ ಅಳಬೇಕಾಗ್ತದ, ಬ್ಯಾಡ’ ಅಂದ್ಳು. ನನ್ನ ಬಾಯಿ ನನಗ ಗೊತ್ತಿತ್ತು. ಅದಕ್ಕ ಈ ಕಡೆ ಬರೂದಽ ಬಿಟ್ಟೆ.”

ಜಯಕುಮಾರ ತಾಯಿಯ ಕಾಲ ಬಳಿ ಕುಳಿತ. ಅವನು ಅಳಲಿಲ್ಲ. ಕೈ ಚಾಚಿ, ತಾಯಿಯ ಪಾದದ ಮೇಲಿಂದ ಸರಿದಿದ್ದ ಸೀರೆಯ ಅಂಚನ್ನು ಮತ್ತೆ ಎಳೆದು ಮುಚ್ಚಿದ. ಅಷ್ಟೇ ಮಾಡಿ ಎದ್ದುಹೋದ.

* * *

ಪಡಸಾಲೆಯಲ್ಲಿ ಚಟ್ಟ ಸಿದ್ಧವಾಗಿತ್ತು. ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಣಮೋಕಾರ ಮಂತ್ರ ಹೇಳುತ್ತಿದ್ದ ಪಂಡಿತರು ಮಧ್ಯದಲ್ಲಿ ನಿಲ್ಲಿಸಿ, “ಅವರ ಹೆಸರು ಹೇಳ್ರಿ” ಎಂದರು.

ಎಲ್ಲರೂ ಜಯಕುಮಾರನತ್ತ ನೋಡಿದರು. ಅವನು ತಾಯಿಯ ಮುಖವನ್ನೇ ನೋಡುತ್ತಿದ್ದ. ಪಂಡಿತರು ಇನ್ನೊಮ್ಮೆ ಕೇಳಿದರು. ಸ್ವಪ್ನಾಲಿ ಒಂದು ಹೆಜ್ಜೆ ಮುಂದಿಟ್ಟಳು. ತಾಯಿ ಅವಳ ಮೊಣಕೈ ಹಿಡಿದಳು. ಹಿಡಿದಿದ್ದಂತೆಯೇ ಸ್ವಪ್ನಾಲಿ ಹೇಳಿದಳು:

“ರಾಜಮತಿ.”

“ಶಾಲನಬಾಯಿ ಅಲ್ಲೇನ್ರಿ?” ಪಂಡಿತರು ಗಲಿಬಿಲಿಗೊಂಡು ಜಯಕುಮಾರನನ್ನೇ ಕೇಳಿದರು.

ಅವನು ಮಗಳನ್ನು ನೋಡಿದ.

“ಹುಡುಗಿ ಹೇಳಿದ್ದ ಖರೆ ಅದ,” ಎಂದ. “ದೊಡ್ಡದಾಗಿ ಹೇಳ್ರಿ.”

ಪಂಡಿತರು ಗಟ್ಟಿಯಾಗಿ ಹೇಳಿದರು. ಲಿಫ್ಟಿನಲ್ಲಿ ಹಿಡಿಸದ ಚಟ್ಟವನ್ನು ಮೆಟ್ಟಿಲ ಮೇಲಿಂದ ಇಳಿಸಿದಾಗ ಪ್ರತಿ ಮಹಡಿಯಲ್ಲೂ ಅದೇ ಹೆಸರು ಕೇಳಿಸಿತು. ಬಾಗಿಲು ತೆರೆದು ನಿಂತವರು, ಕೆಳಗೆ ಸ್ಕೂಟರುಗಳ ನಡುವೆ ನೆರೆದವರು, ತೀರಿಕೊಂಡವರು ಯಾರು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು.

ಸ್ವಪ್ನಾಲಿ ಗ್ಯಾಲರಿಯಿಂದ ಬಾಗಿ ನೋಡಿದಳು. ನಗರಪಾಲಿಕೆಯ ಶವದ ಗಾಡಿ ಹಿಂಬಾಗಿಲು ತೆರೆದು ಕಾಯುತ್ತಿತ್ತು. ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಜಯಕುಮಾರ ಬೇಡವೆಂದು ತಲೆ ಅಲ್ಲಾಡಿಸಿ ಅದನ್ನು ದಾಟಿ ನಡೆದ. ನೂರಡಿ ಅಗಲದ ಶಂಭರ ಫುಟಿ ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಹೊಸ ಮಾಲಿನ ಮುಂದೆ ಐಸ್‌ಕ್ರೀಮ್ ಹಿಡಿದವರು ದಾರಿ ಬಿಟ್ಟು ನಿಂತರು. ಹೆಗಲು ಬದಲಿಸಲು ಇಬ್ಬರು ಓಡಿ ಬಂದರು. ಅವನು ಕೊಡಲಿಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ ಅವನ ತಲೆ ಚಟ್ಟದ ಕಡೆಗೆ ವಾಲಿತ್ತು, ತುಟಿಗಳು ಅಲುಗುತ್ತಲೇ ಇದ್ದವು. ಏನೆಂದು ಕರೆಯುತ್ತಿದ್ದನೋ, ಅಷ್ಟು ದೂರಕ್ಕೆ ಸ್ವಪ್ನಾಲಿಗೆ ಕೇಳಿಸಲಿಲ್ಲ.