ಅಪ್ಪನ ಹಳೇ ರೇಜರ್

ನೊರೆ ಬೆಚ್ಚಗಿದೆ, ಬೆರಳ ಸಂದಿಯಿಂದ ಜಾರಿ ಮಣಿಕಟ್ಟು ದಾಟಿ ತೋಳಿನ ಬಟ್ಟೆಯ ಅಂಚನ್ನು ಒದ್ದೆ ಮಾಡುತ್ತಿದೆ, ಮಡಚಿಕೊಳ್ಳಬೇಕಿತ್ತು, ಬಚ್ಚಲಲ್ಲೂ ತುಂಬುತೋಳು ಮಡಚದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು, ಎದುರಿಗಿರುವುದು ಅಮ್ಮ ತಾನೇ, ಅಮ್ಮನ ಮುಂದೆ ಮಡಚುವುದಿಲ್ಲ, ಅಮ್ಮನ ಮುಂದೆಯಂತೂ ಇಲ್ಲ — ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ, ನೈಟಿಯನ್ನು ಮೇಲೆತ್ತಿ ಅಂಚನ್ನು ಗಲ್ಲದಡಿ ಸಿಕ್ಕಿಸಿಕೊಂಡಿದ್ದಾಳೆ, ತೊಡೆಯ ಮೇಲೊಂದು ಟವೆಲು, ಕಣ್ಣು ಮುಚ್ಚಿದೆ, ಹೊಟ್ಟೆ ಐದು ತಿಂಗಳ ಬಸುರಿಯಷ್ಟು ಮುಂದೆ ಬಂದಿದೆ, ಒಳಗಿರುವುದು ಗಡ್ಡೆ, ನಾಳೆ ಬೆಳಿಗ್ಗೆ ಗರ್ಭಕೋಶದ ಸಮೇತ ತೆಗೆಯುತ್ತಾರೆ, ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಬಾಡಿಗೆಗಿದ್ದ ಕೋಣೆ ಅದು, ಕೆಡವುತ್ತಾರೆ. ಇವತ್ತು ನಾಲ್ಕು ಗಂಟೆಗೆ ಅಡ್ಮಿಟ್ ಆಗಬೇಕು. ಎದೆ ಕೆಳಗಿನಿಂದ ಮೊಣಕಾಲ ತನಕ ಮನೇಲೇ ಶೇವ್ ಮಾಡ್ಕೊಂಡು ಬನ್ನಿ, ನಮ್ಮಲ್ಲಿ ಸ್ಟಾಫ್ ಕಮ್ಮಿ ಅಂತ ನರ್ಸು ಚೀಟಿ ಬರೆದುಕೊಟ್ಟಳು, ಅಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ತಳಕ್ಕೆ ತುರುಕಿದಳು, ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು, ಹೊಟ್ಟೆ ಅಡ್ಡ ಬರುತ್ತೆ ಕಣೇ, ಕೆಳಗೆ ಏನೂ ಕಾಣಲ್ಲ, ನೀನೇ ಮಾಡ್ಬೇಕು, ನಿಮ್ಮಪ್ಪನಿಗೆ ಹೇಳ್ಬೇಡ, ಸ್ನಾನ ಮಾಡಿಸ್ತೀನಿ ಅನ್ನು.

ನರ್ಸು ಒಂದು ಪ್ಲಾಸ್ಟಿಕ್ ರೇಜರನ್ನೂ ಕೊಟ್ಟಿದ್ದಳು, ಅಮ್ಮ ಅದರ ಬಾಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಪಕ್ಕಕ್ಕೆ ಹಾಕಿದಳು, ಬೇಡ, ಇದು ಕೂದಲು ಕೀಳುತ್ತೆ, ಹೆರೆಯಲ್ಲ, ಅಪ್ಪನ ಹಳೇದು ತಗೊಂಡು ಬಾ, ಬೀರುವಿನ ಮೇಲಿನ ಖಾನೆ, ಕನ್ನಡಕದ ಡಬ್ಬಿ. ಅಪ್ಪ ಬ್ಯಾಟರಿ ಮೆಷಿನ್ನು ಹಿಡಿದು ಆರೇಳು ವರ್ಷವಾಯಿತು, ಆ ಡಬ್ಬಿ ಎಲ್ಲಿದೆಯೆಂದು ಅವನಿಗೇ ಮರೆತಿರಬಹುದು, ಅಮ್ಮನಿಗೆ ಖಾನೆಯ ಸಮೇತ ಗೊತ್ತು, ಇರಲಿ, ಮನೆಯ ವಸ್ತು ಮನೆಯಾಕೆಗೆ ಗೊತ್ತಿರುತ್ತದೆ, ಅಷ್ಟೇ ಅಂದುಕೊಂಡೆ. ಡಬ್ಬಿಯನ್ನು ಅಲ್ಲೇ ಬಿಟ್ಟು ರೇಜರನ್ನಷ್ಟೇ ತಂದೆ. ಉಕ್ಕಿನದು, ಅಂದುಕೊಂಡದ್ದಕ್ಕಿಂತ ಭಾರ, ಹಿಡಿಯ ಬುಡ ತಿರುಗಿಸಿದರೆ ತಲೆ ಎರಡು ಪುಟ್ಟ ಬಾಗಿಲಾಗಿ ತೆರೆದುಕೊಳ್ಳುತ್ತದೆ, ನಡುವೆ ಬ್ಲೇಡನ್ನು ಮಲಗಿಸಿ ಬಾಗಿಲು ಮುಚ್ಚುವುದು. ನಾನು ಇದನ್ನು ಮುಟ್ಟುತ್ತಿರುವುದು ಇದೇ ಮೊದಲು. ಹೀಗೆಂದರೆ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಆಗ ನನಗೆ ಹದಿಮೂರು, ಭಾನುವಾರ, ಚಿಕ್ಕಪ್ಪ ಚಿಕ್ಕಮ್ಮ ಬಂದಿದ್ದರು, ಹಾಲಿನ ತುಂಬ ಟೀ ವಾಸನೆ, ಅಪ್ಪ ಅರ್ಧ ಮುಖದ ನೊರೆಯಲ್ಲೇ ಬಚ್ಚಲಿನಿಂದ ಹೊರಗೆ ಬರುತ್ತಾನೆ, ಗಲ್ಲದ ಮೇಲೆ ರಕ್ತದ ಗೆರೆ, ಕೈಯಲ್ಲಿ ಬಾಗಿಲು ತೆರೆದ ರೇಜರು, ಅದರೊಳಗೆ ಒಂದು ಕೂದಲು, ಉದ್ದ, ತುದಿಯಲ್ಲಿ ಸುರುಳಿ, ಒದ್ದೆ, ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಾನೆ, ಇದು ನನ್ನ ಗಡ್ಡದ್ದಲ್ಲ, ಬ್ಲೇಡು ಮೊಂಡಾಗಿದೆ, ಯಾರು ಮುಟ್ಟಿದ್ದು ಇದನ್ನ. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಗಿಡ್ಡ ತೋಳಿನ ಫ್ರಾಕು, ಮೊಣಕೈಯಿಂದ ಮಣಿಕಟ್ಟಿನವರೆಗೆ ಕಪ್ಪಗೆ ರೋಮ, ತುಟಿಯ ಮೇಲೂ ನೆರಳು, ಬೇರೆ ಸಾಕ್ಷಿ ಯಾರಿಗೆ ಬೇಕು. ಕೂದಲೆಲ್ಲ ಹಾಗೇ ಇರುವವಳು ರೇಜರು ಮುಟ್ಟಿದ್ದಾದರೂ ಹೇಗೆ ಎಂದು ಒಬ್ಬರಿಗೂ ಹೊಳೆಯಲಿಲ್ಲ, ನನಗೂ ಹೊಳೆದದ್ದು ಎರಡು ದಿನದ ಮೇಲೆ. ಅಣ್ಣಾ, ಗಂಡುಮಗ ಇಲ್ಲ ಅಂತಿದ್ಯಲ್ಲ, ತಗೋ, ಅಪ್ಪನ ರೇಜರಲ್ಲಿ ಪಾಲು ಕೇಳೋಕೆ ಬಂದಿದಾನೆ ಅಂದ ಚಿಕ್ಕಪ್ಪ, ಚಿಕ್ಕಮ್ಮ ನಕ್ಕು ನಕ್ಕು ಟೀ ಚೆಲ್ಲಿಕೊಂಡಳು, ನಾನು ಅಮ್ಮನ ಕಡೆ ನೋಡಿದೆ, ಅಮ್ಮ ಲೋಟ ಒರೆಸುತ್ತಿದ್ದಳು, ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ ಅಂದಳು, ಹೇಳ್ಬಿಡೇ, ಅಪ್ಪ ಬೈಯಲ್ಲ. ನಾನಲ್ಲ. ಸುಳ್ಳು ಬೇರೆ ಹೇಳ್ತೀಯಾ. ಅವತ್ತಿನ ಡೈರಿಯಲ್ಲಿ ಬರೆದದ್ದೂ ಅಷ್ಟೇ, ನಾನಲ್ಲ, ಸಾಲು ಬಿಟ್ಟು ನಾನಲ್ಲ, ಪುಟ ಮುಗಿಯುವ ತನಕ. ಚಿಕ್ಕಪ್ಪ ಈಗಲೂ ಫೋನಿನಲ್ಲಿ ಕೇಳುತ್ತಾನೆ, ಹೇಗಿದಾಳೆ ನಮ್ಮ ಶೇವಿಂಗ್ ಸೆಟ್ಟು, ಡಿಗ್ರಿ ಮುಗಿಸಿ ಏನು ಮಾಡ್ತಿದಾಳೆ. ಶೇವಿಂಗ್ ಸೆಟ್ಟು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದೆ ಚಿಕ್ಕಪ್ಪ, ಫ್ಯಾನಿಲ್ಲದ ಮೂಲೆಯ ಮೇಜು, ಉರಿಬಿಸಿಲಿಗೂ ತುಂಬುತೋಳು, ಏನ್ರೀ ಜ್ವರಾನಾ ಎಂದು ಟೈಪ್ ಮಾಡುವಾಕೆ ಕೇಳುತ್ತಾಳೆ, ಇಲ್ಲರೀ ಚಳಿ. ಕಾಲೇಜಿನ ಗೆಳತಿಯರೆಲ್ಲ ಕೈಕಾಲು ನುಣ್ಣಗೆ ಮಾಡಿಕೊಂಡರು, ನಾನು ಮಾಡಿಕೊಳ್ಳಲಿಲ್ಲ, ಒಂದು ಸಲ ಮಾಡಿಕೊಂಡರೂ ಅವತ್ತಿನದನ್ನು ಒಪ್ಪಿಕೊಂಡ ಹಾಗೆ, ನೋಡಿದ್ರಾ ಇವಳೇ ಅಂತಾರೆ, ಹಾಗಾಗಿ ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡೇ ಬಂದೆ. ಚಿಕ್ಕಮ್ಮನ ಮೇಲೆ ಅನುಮಾನಪಟ್ಟೆ, ನಿದ್ದೆಗಣ್ಣಲ್ಲಿ ನಾನೇ ಎದ್ದು ಹೋಗಿದ್ದೆನೇನೋ ಅಂತಲೂ ಅನುಮಾನಪಟ್ಟೆ. ಅಮ್ಮನ ಮೇಲೆ ಒಂದು ದಿನವೂ ಪಡಲಿಲ್ಲ, ಅಮ್ಮ ಹಿಮ್ಮಡಿಯವರೆಗೆ ಮೈ ಮುಚ್ಚಿಕೊಂಡೇ ಓಡಾಡುವವಳು, ಮೈ ಇದೆಯೆಂದೇ ಅನ್ನಿಸುತ್ತಿರಲಿಲ್ಲ.

ಚರ್ಮ ಬಿಗಿ ಹಿಡಿ, ಎಡಗೈಲಿ, ಮೇಲಕ್ಕೆ ಎಳಕೋ. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಾಳೆ. ಒತ್ತಬೇಡ ಕಣೇ, ಅದರ ಭಾರವೇ ಸಾಕು, ಸ್ವಲ್ಪ ಓರೆ, ಅಷ್ಟಲ್ಲ, ಹಾಂ, ಕೂದಲು ಮಲಗಿರೋ ಕಡೆಗೇ ಎಳಿ, ಎದುರಿಗೆ ಎಳೆದರೆ ಆಮೇಲೆ ಗುಳ್ಳೆ ಏಳುತ್ತೆ. ಚರ್ರ್, ಸಣ್ಣ ಸದ್ದು, ನೊರೆಯ ನಡುವೆ ಒಂದು ದಾರಿ ಬೀಳುತ್ತದೆ, ದಾರಿಯಲ್ಲಿ ಅಮ್ಮನ ಚರ್ಮ, ಬಿಳಿಚಿದ್ದು, ನಾನು ಬಂದು ಹೋದ ಗುರುತಿನ ಗೆರೆಗಳು, ಎಷ್ಟು ಮೆತ್ತಗಿದೆ, ನೋಯಿಸಬಾರದು, ಹೊಕ್ಕುಳ ಹತ್ರ ಸುತ್ತಿ ಬಾ, ಎರಡೆಳೆತಕ್ಕೊಂದು ಸಲ ನೀರಲ್ಲಿ ಅಲ್ಲಾಡಿಸು, ಬಕೆಟ್ಟಿನ ನೀರಿನಲ್ಲಿ ಕಪ್ಪು ಚೂರುಗಳು ತಿರುಗುತ್ತವೆ. ತೊಡೆ ಮುಗಿದು ಮೊಣಕಾಲು ಬಂತು, ಅಲ್ಲಿ ಹುಷಾರು, ಮೂಳೆ ಹತ್ರ ಕಚ್ಚುತ್ತೆ. ಮೊಣಕಾಲಿನ ಕೆಳಗೆ, ಮೂಳೆಯ ಏಣಿನ ಮೇಲೆ, ಅಕ್ಕಿಕಾಳಿನಷ್ಟು ಬಿಳಿ ಗೆರೆ, ಅದರ ಪಕ್ಕ ಇನ್ನೊಂದು, ಹಳೆಯವು, ಕಚ್ಚಿದ ಗುರುತು. ನನ್ನ ಕೈ ನಿಧಾನವಾಯಿತು. ಬಾಗಿಲು ತೆಗೆದು ತೊಳಿ ಮಧ್ಯೆ ಮಧ್ಯೆ, ಬರೀ ಅಲ್ಲಾಡಿಸಿದರೆ ಹೋಗಲ್ಲ, ಒಳಗೆ ಸಿಕ್ಕಿಕೊಂಡಿರುತ್ತೆ, ಇಲ್ದಿದ್ರೆ — ಅಲ್ಲಿಗೆ ನಿಂತಿತು ಮಾತು. ಕಣ್ಣು ತೆರೆಯಿತು, ನನ್ನನ್ನು ನೋಡಿತು, ಮುಚ್ಚಿತು. ನಲ್ಲಿ ತೊಟ್ಟಿಕ್ಕುತ್ತಿದೆ. ಇಲ್ದಿದ್ರೆ ಏನಮ್ಮ. ನೀರು ತಣ್ಣಗಾಯ್ತು, ಬಿಸಿ ಹಾಕು. ನಿನಗೆ ಹೇಗೆ ಗೊತ್ತು ಇದೆಲ್ಲ. ಎಲ್ಲಾ ಹೆಂಗಸರಿಗೂ ಗೊತ್ತಿರುತ್ತೆ, ಹಾಕೇ ಬಿಸಿ ನೀರು.

ಹಾಕಿದೆ. ಹಬೆ ಎದ್ದಿತು, ಅವಳ ಮುಖ ಮಸುಕಾಯಿತು, ಒಳ್ಳೆಯದೇ ಆಯಿತು. ಹಾಗಾದರೆ ನೀನು, ಲೋಟ ಒರೆಸುತ್ತ ನಿಂತವಳು, ನಿನ್ನದೇ ಕೂದಲು ಅಪ್ಪನ ಕೈಯಲ್ಲಿ ನೇತಾಡುವುದನ್ನು ನೋಡುತ್ತ ನಿಂತು, ಮೈದುನ ನಗುತ್ತಾನೆಂದು ಹೆದರಿ, ನಗುವುದಾದರೆ ಇವಳನ್ನು ನೋಡಿ ನಗಲಿ, ಮಕ್ಕಳು ಮರೆಯುತ್ತಾರೆ ಅಂದುಕೊಂಡೆಯಾ, ನನಗೆ ಅರ್ಥವಾಗುತ್ತದೆ, ಅರ್ಥವಾಗುವುದೇ ಕಷ್ಟ, ಅರ್ಥವಾಗದಿದ್ದರೆ ಬಾಯಿ ತುಂಬ ಬೈದು ಬಿಡಬಹುದಿತ್ತು. ನಾಳೆ ಮುಖಕ್ಕೆ ಮಾಸ್ಕು ಇಡುತ್ತಾರೆ, ನೂರಕ್ಕೆ ಒಬ್ಬರಿಗೆ ಹೆಚ್ಚುಕಮ್ಮಿ ಆಗಬಹುದು ಅಂದರು ಡಾಕ್ಟರು, ಆ ಒಬ್ಬಳು ನೀನಾದರೆ ಇದು ನಿನ್ನ ಜೊತೆಗೇ ಹೋಗಿಬಿಡುತ್ತದೆ, ನಾನು ಸಾಯುವ ತನಕ ಶೇವಿಂಗ್ ಸೆಟ್ಟು. ನನಗೆ ಕ್ಷಮೆ ಬೇಡ, ಅಳು ಬೇಡ, ನಾನೇ ಕಣೇ ಅಂದರೆ ಸಾಕು, ಎರಡು ಮಾತು, ಈ ಬಚ್ಚಲಿನೊಳಗೆ, ಅಪ್ಪನಿಗೂ ಹೇಳಬೇಡ. ಡೈರಿಯಲ್ಲಾದರೆ ಎಷ್ಟು ಸಲೀಸು, ಆದರೂ ಅಂದೆ, ನನ್ನದೇ ದನಿ ಟೈಲ್ಸಿನ ಗೋಡೆಗೆ ಬಡಿದು ವಾಪಸು ಬಂತು, ಹೇಳ್ಬಿಡಮ್ಮ, ಬೈಯಲ್ಲ. ಅವಳ ತುಟಿ ಬಿಚ್ಚಿತು.

ಬಾಗಿಲು ಬಡಿಯುವ ಸದ್ದು. ಏನೇ, ಆಸ್ಪತ್ರೇಲಿ ಕನ್ನಡಕ ಇಟ್ಕೊಳ್ಳೋಣ ಅಂತ ಈ ಡಬ್ಬಿ ತೆಗೆದರೆ ಖಾಲಿ, ನನ್ನ ರೇಜರಿತ್ತಲ್ಲ ಇದರಲ್ಲಿ, ಯಾರು ತಗೊಂಡ್ರು. ನಾನು ಅಮ್ಮನನ್ನು ನೋಡುತ್ತಿದ್ದೇನೆ. ಬಿಚ್ಚಿದ ತುಟಿ ಅದೇ, ಉಸಿರೂ ಅದೇ, ಮಾತು ಮಾತ್ರ ಬೇರೆ ಬಂತು, ಅವಳ ಹತ್ರ ಇದೆ ರೀ. ಹೊರಗೆ ಅಪ್ಪನ ನಗು, ಅಕ್ಕರೆಯ ನಗುವೇ, ಅದಕ್ಕೇ ಇನ್ನೂ ಕೆಟ್ಟದ್ದು, ಇನ್ನೂ ಬಿಟ್ಟಿಲ್ವಾ ಆ ಚಾಳಿ ನಿನ್ನ ಮಗಳು. ಬಿಡಿ, ಇವತ್ತೊಂದು ದಿನ ಏನೂ ಅನ್ಬೇಡಿ ಅವಳಿಗೆ, ಅಂದಳು ಅಮ್ಮ, ನನ್ನ ಪರವಾಗಿ, ದೊಡ್ಡ ಮನಸ್ಸು ಮಾಡಿ, ಕಣ್ಣು ಮುಚ್ಚಿಕೊಂಡು, ಚಪ್ಪಲಿಯ ಸದ್ದು ದೂರವಾಯಿತು, ಬಲಗಾಲು ಇನ್ನೂ ಸ್ವಲ್ಪ ಉಳಿದಿದೆ ನೋಡು ಅಂದಳು, ನಾನು ನೋಡಿದೆ, ಹೌದು, ಉಳಿದಿದೆ, ಹಿಡಿಯ ಬುಡ ತಿರುಗಿಸಿದೆ, ಅವಳು ಹೇಳಿಕೊಟ್ಟ ಹಾಗೆಯೇ, ಎರಡು ಪುಟ್ಟ ಬಾಗಿಲು ತೆರೆದವು, ಬ್ಲೇಡಿನ ಅಂಚಿನಲ್ಲಿ ಒಂದು ಕೂದಲು, ಬೆಳಕಿಂಡಿಗೆ ಎತ್ತಿ ಹಿಡಿದೆ, ಉದ್ದ, ತುದಿಯಲ್ಲಿ ಸುರುಳಿ, ಒದ್ದೆ, ಒಂದು ಕೂದಲು, ಒದ್ದೆ, ಒಂದೇ ಕೂದಲು